ಎರೆಹೊಲದ ಪ್ಲಾಸ್ಟಿಕ್ ಚೂರುಗಳನ್ನು ಮಳೆ ಎಲ್ಲಿಗೆ ಒಯ್ಯುತ್ತದೆ: ಪರೀಕ್ಷಿಸುವ ಬಗೆ

ಕಲಬುರಗಿಯ ತೊಗರಿ ಹೊಲಗಳ ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಡುತ್ತದೆ. ಮಲ್ಚಿಂಗ್ ಹಾಳೆ (ಬೆಳೆಯ ಬುಡದ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್), ಗೊಬ್ಬರದ ಚೀಲಗಳಿಂದ ಉದುರಿದ 5 ಮಿಲಿಮೀಟರಿಗಿಂತ ಸಣ್ಣ ಚೂರುಗಳು ಮುಂಗಾರಿನ ಮೊದಲ ಜೋರು ಮಳೆಯಲ್ಲಿ ಈ ಬಿರುಕುಗಳಿಗೆ ಇಳಿಯುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಬಿದ್ದ ಮಳೆ, ಮೇಲೆ ಉಳಿದವನ್ನು ತಗ್ಗಿನ ಬದುವಿನತ್ತ ತಳ್ಳುತ್ತದೆ.

ಇದನ್ನು ನೋಡಲು ಮಳೆಗೆ ಮುಂಚೆ ಒಮ್ಮೆ, ಜೋರು ಮಳೆಯ ನಂತರ ಒಮ್ಮೆ, ಹೊಲದ ಮೇಲ್ಭಾಗ, ತಗ್ಗಿನ ಬದುವಿನ ಒಳಮಗ್ಗುಲು ಮತ್ತು ಬಿರುಕಿನ ಒಂದು ಅಡಿ ಆಳದಿಂದ ಮಣ್ಣು ತೆಗೆಯಿರಿ. ಬಿರುಕಿನ ಪಕ್ಕ ಮೊದಲೇ ಗೂಟ ನೆಡಬೇಕು, ಮಳೆಯಾದ ಮೇಲೆ ಅದರ ಗುರುತೇ ಸಿಗುವುದಿಲ್ಲ. ಪ್ಲಾಸ್ಟಿಕ್ ಬುಟ್ಟಿ ಬೇಡ, ಸ್ಟೀಲ್ ಡಬ್ಬಿಯೇ ಆಗಬೇಕು.

ನೆರಳಲ್ಲಿ ಒಣಗಿಸಿದ 100 ಗ್ರಾಂ ಮಣ್ಣನ್ನು, ಒಂದು ಲೀಟರ್ ನೀರಿಗೆ 350 ಗ್ರಾಂ ಅಡುಗೆ ಉಪ್ಪು ಕರಗಿಸಿ ಸೋಸಿದ ದ್ರಾವಣದಲ್ಲಿ ಹೆಂಟೆ ಉಳಿಯದಂತೆ ಕಲಕಿ, ಗಾಜಿನ ಪಾತ್ರೆಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಮಲ್ಚಿಂಗ್ ಹಾಳೆಯ ಪಾಲಿಥೀನ್, ಚೀಲದ ಪಾಲಿಪ್ರೊಪಿಲೀನ್ ತೇಲುತ್ತವೆ. ಪೈಪಿನ ಪಿವಿಸಿ ಭಾರವಾದ್ದರಿಂದ ತಳದಲ್ಲೇ ಉಳಿಯುತ್ತದೆ, ಈ ವಿಧಾನಕ್ಕೆ ಅದು ಸಿಗದು.

ತೇಲಿದ್ದನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸೋಸಿ ಭೂತಗನ್ನಡಿಯಲ್ಲಿ ನೋಡಿ. ತೊಗರಿ ಹೊಟ್ಟು, ಬೇರಿನ ಎಳೆಗಳೂ ತೇಲುವುದರಿಂದ ಅನುಮಾನದ ಚೂರಿಗೆ ಕಾಯಿಸಿದ ಸೂಜಿ ಮುಟ್ಟಿಸಿ: ಈ ಪ್ಲಾಸ್ಟಿಕ್‌ಗಳು ಮುದುಡಿ ಕರಗುತ್ತವೆ, ಹೊಟ್ಟು ಕಪ್ಪಾಗುತ್ತದೆ. ಪ್ರತಿ ಜಾಗದ ಎಣಿಕೆಯನ್ನು ತಾರೀಖಿನೊಂದಿಗೆ ಬರೆದಿಡಿ. ಉಳಿದ ಉಪ್ಪುನೀರನ್ನು ಮಾತ್ರ ಹೊಲಕ್ಕೆ ಚೆಲ್ಲಬೇಡಿ.