ಜಾರ್ಜಿಯಾದಲ್ಲಿ ನಾನು ಮಾಡಿದ ಎಲೆಕ್ಷನ್ ಡ್ಯೂಟಿ

ನಮ್ಮಪ್ಪ ತಿಪಟೂರು ಕಡೆ ಹೈಸ್ಕೂಲ್ ಮೇಷ್ಟ್ರು, ಎಲೆಕ್ಷನ್ ಡ್ಯೂಟಿ ಬಂತು ಅಂದ್ರೆ ಮನೇಲಿ ಒಂದು ವಾರ ಗೊಣಗಾಟ. ಆದ್ರೂ ಅವರ ಜೊತೆ ಲಾರೀಲಿ ಒಬ್ಬ ಪೊಲೀಸ್ ಪೇದೆ ಹೋಗ್ತಿದ್ದ. 2024ರ ನವೆಂಬರ್ 5ಕ್ಕೆ, ಅಮೆರಿಕದ ಅಧ್ಯಕ್ಷರ ಎಲೆಕ್ಷನ್ ದಿನ, ಅಟ್ಲಾಂಟಾ ಹತ್ರ ನಾನು ಪೋಲ್ ವರ್ಕರ್, ಅಂದ್ರೆ ಬೂತ್ ಸಿಬ್ಬಂದಿ ಆಗಿ ಕೂತಾಗ ಅದೂ ಇಲ್ಲ. ಒಂದು ಚರ್ಚ್ ಹಾಲು, ಮಡಚೋ ಟೇಬಲ್ಲು, ಅಕ್ಕಪಕ್ಕದ ಬೀದಿಯ ಒಂಬತ್ತು ಜನ, ಅಷ್ಟೇ.

ಇಲ್ಲಿ ನಾವೇ ಅರ್ಜಿ ಹಾಕಿ, ಟ್ರೇನಿಂಗ್ ತಗೊಂಡು, ಪ್ರಮಾಣ ಮಾಡಿ ಸೇರ್ಬೇಕು. ನಮ್ಮ ಯಜಮಾನ್ರು "ನಿಂಗ್ಯಾಕೆ ಈ ಉಸಾಬರಿ" ಅಂದ್ರು. ಅವರ ಹೆದರಿಕೆ ಸುಮ್ನೆ ಅಲ್ಲ. 2020ರಲ್ಲಿ ಅಟ್ಲಾಂಟಾದಲ್ಲೇ ವೋಟ್ ಎಣಿಸ್ತಿದ್ದ ತಾಯಿ ಮಗಳು, ರೂಬಿ ಫ್ರೀಮನ್, ಶೇ ಮಾಸ್ ಅಂತ, ಅಮ್ಮ ಮಗಳ ಕೈಗೊಂದು ಶುಂಠಿ ಪೆಪ್ಪರ್‌ಮೆಂಟ್ ಕೊಟ್ಟಿದ್ದನ್ನ ಅದು ವೋಟ್ ಮೋಸದ ಯುಎಸ್‌ಬಿ ಡ್ರೈವ್ ಅಂತ ಟ್ರಂಪ್ ಲಾಯರ್ ರೂಡಿ ಜೂಲಿಯಾನಿ ಹೇಳ್ಕೊಂಡು ಓಡಾಡಿ, ಕೊಲೆ ಬೆದರಿಕೆ ಬಂದು, ಆ ಅಮ್ಮ ಮನೆ ಬಿಟ್ಟು ಹೋಗ್ಬೇಕಾಯ್ತು. 148 ಮಿಲಿಯನ್ ಡಾಲರ್ ಪರಿಹಾರ ಅಂತ ಜ್ಯೂರಿ ಹೇಳಿದ್ದು 2023ರ ಡಿಸೆಂಬರಲ್ಲಿ, ಅಷ್ಟೊತ್ತಿಗೆ ಮೂರು ವರ್ಷ ಕಳೆದಿತ್ತು.

ಬೆಳಿಗ್ಗೆ ಐದೂವರೆಗೆ ಶುರು. ವೋಟ್ ಎಣಿಸೋ ಸ್ಕ್ಯಾನರಿನ ಸೀಲ್ ನಂಬರ್ ಒಬ್ರು ಜೋರಾಗಿ ಓದೋದು, ಇನ್ನೊಬ್ರು ಬರ್ಕೊಳ್ಳೋದು, ಆಮೇಲೆ ಮಿಷನ್ನಿಂದ ಝೀರೋ ಟೇಪ್ ಅನ್ನೋ ಪ್ರಿಂಟ್ ಚೀಟಿ ತೆಗೆದು, ಒಂದು ವೋಟೂ ಇಲ್ಲ ಅಂತ ನೋಡಿ ಸೈನ್ ಮಾಡೋದು. 7 ಗಂಟೆಗೆ ಬಾಗಿಲು ತೆಗೆದ್ವಿ. ನನ್ನ ಕೆಲಸ ಪೋಲ್ ಪ್ಯಾಡ್ ಅನ್ನೋ ಮತದಾರರ ಪಟ್ಟಿ ಇರೋ ಟ್ಯಾಬ್ಲೆಟ್ ಹತ್ರ, ಅಂದ್ರೆ ಲೈಸೆನ್ಸ್ ಸ್ಕ್ಯಾನ್ ಮಾಡಿ, ಸೈನ್ ಹಾಕಿಸಿ, ಒಂದು ಕಾರ್ಡ್ ಕೊಡೋದು, ಅವರು ಅದನ್ನ ಟಚ್ ಸ್ಕ್ರೀನಿಗೆ ಹಾಕಿ ಆರಿಸಿ, ಪ್ರಿಂಟ್ ಆದ ಪೇಪರ್ ತಗೊಂಡ್ಹೋಗಿ ಸ್ಕ್ಯಾನರಿಗೆ ಹಾಕ್ತಾರೆ. ನಮ್ಮ ಮೈಸೂರು ಶಾಯಿ ಇಲ್ಲ, ಪೀಚ್ ಹಣ್ಣಿನ ಸ್ಟಿಕ್ಕರ್ ಕೊಡ್ತಾರೆ.

ಹತ್ತು ಗಂಟೆ ಸುಮಾರಿಗೆ ಒಬ್ಬ ಬಂದು ಪಾರ್ಕಿಂಗ್ ಎಂಟ್ರಿ ಹತ್ರ ನಿಂತ. ಪಾರ್ಟಿ ಕಡೆ ವಾಚರ್ ಆಗಿದ್ರೆ ಬ್ಯಾಡ್ಜ್ ಇರುತ್ತೆ, ಇವನಿಗಿಲ್ಲ. ಬರೋ ಕಾರುಗಳ ನಂಬರ್ ಪ್ಲೇಟ್ ವಿಡಿಯೋ ಮಾಡ್ತಾ ಇದ್ದ, ಬಾಯಿ ಬಿಟ್ಟು ಒಂದು ಮಾತಿಲ್ಲ. 150 ಅಡಿ ಒಳಗೆ ಪ್ರಚಾರ ಮಾಡಂಗಿಲ್ಲ ಅಂತ ಕಾನೂನಿದೆ, ಇವನು ನಾವು ಬೆಳಿಗ್ಗೆ ಅಳೆದು ಗುರುತು ಹಾಕಿದ್ದಕ್ಕಿಂತ ಒಂದೆರಡು ಹೆಜ್ಜೆ ಆಚೆಗೇ ಇದ್ದ. ನಮ್ಮ ಮ್ಯಾನೇಜರ್ ಎಪ್ಪತ್ತು ದಾಟಿದ ಅಜ್ಜಿ, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಮೊದಲು ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಥರದ್ದು, ಅದರ ಆಫೀಸಿಗೆ ಫೋನ್ ಮಾಡಿ, ಆಮೇಲೆ ಹೊರಗೆ ಹೋಗಿ ವಾದಕ್ಕಿಳೀದೆ "ಅನುಮಾನ ಇದ್ರೆ ಸಂಜೆ 7 ಆದ್ಮೇಲೆ ಬಾರಪ್ಪ, ಲೆಕ್ಕದ ಟೇಪ್ ಬಾಗಿಲಿಗೆ ಅಂಟಿಸ್ತೀವಿ, ಓದ್ಕೋ" ಅಂದು ಬಂದ್ರು. ಆವತ್ತೇ ಅಟ್ಲಾಂಟಾ ಹತ್ರದ ಯೂನಿಯನ್ ಸಿಟಿಯಲ್ಲಿ ಬಾಂಬ್ ಬೆದರಿಕೆಗೆ ಎರಡು ಬೂತ್ ಅರ್ಧ ಗಂಟೆ ಖಾಲಿ ಮಾಡಿಸಿದ್ರು. ಹುಸಿ ಅಂತಾಯ್ತು, ಅಂಥ ಬೆದರಿಕೆಗಳಲ್ಲಿ ಎಷ್ಟೋ ರಷ್ಯಾದ ಇಮೇಲ್ ಡೊಮೈನಿಂದ ಬಂದ ಹಾಗಿದೆ ಅಂತ ಎಫ್‌ಬಿಐ ಹೇಳ್ತು. ಆದ್ರೆ ಸುದ್ದಿ ಬಂದಾಗ ಹುಸಿ ಅಂತ ನಮಗೇನು ಗೊತ್ತು, ಹಾಲಲ್ಲಿ ಯಾರ ಬ್ಯಾಗ್ ಎಲ್ಲಿದೆ ಅಂತ ಕಣ್ಣಾಡಿಸ್ತಾ ಕೂತಿದ್ದೆ. ಶೆರಿಫ್ ಡೆಪ್ಯುಟಿ, ಅಂದ್ರೆ ಕೌಂಟಿ ಪೊಲೀಸ್, ಬರೋ ಹೊತ್ತಿಗೆ ಆ ವಿಡಿಯೋದವನು ಹೋಗಾಗಿತ್ತು.

ರಾತ್ರಿ ಲೆಕ್ಕ ಮಾಡಿದ್ರೆ ಪೋಲ್ ಪ್ಯಾಡಲ್ಲಿ ಇರೋದಕ್ಕಿಂತ ಸ್ಕ್ಯಾನರಲ್ಲಿ ಒಂದು ಕಮ್ಮಿ. ಎರಡು ಸಲ ಎಣಿಸಿದ್ವಿ, ತಾಳೆ ಆಗ್ಲೇ ಇಲ್ಲ. ಆಮೇಲೆ ನಂಗೆ ಜ್ಞಾಪಕ ಬಂತು. ಬೆಳಿಗ್ಗೆ ಒಬ್ಬ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ, ಕಾರ್ಡ್ ಕೈಗೆ ತಗೊಂಡು "ಅವನು ನನ್ನ ಕಾರ್ ನಂಬರ್ ತಗೊಂಡ, ಅದನ್ನ ಏನ್ ಮಾಡ್ತಾನೆ?" ಅಂತ ಕೇಳಿದ್ಲು. ಏನೂ ಆಗಲ್ಲಮ್ಮ ಅಂದೆ. ಕಿಟಕಿ ಕಡೆ ನೋಡಿ ಕಾರ್ಡ್ ಟೇಬಲ್ ಮೇಲಿಟ್ಟು ಹೊರಟೇ ಹೋದ್ಲು. ಹಿಂದೆ ಉದ್ದ ಲೈನ್ ಇತ್ತು, ಕಾರ್ಡನ್ನ ರಾಶಿಗೆ ಸೇರಿಸಿ ಮುಂದಿನವರನ್ನ ಕರೆದುಬಿಟ್ಟೆ. ಮ್ಯಾನೇಜರಿಗೆ ಆಗಲೇ ಹೇಳ್ಬೇಕಿತ್ತು, ತಪ್ಪು ನಂದೇ. ಶೀಟಲ್ಲಿ ಅವರು "ಒಬ್ಬರು ಮತ ಹಾಕದೆ ಹೋದರು" ಅಂತ ಬರೆದ್ರು, ನಾನು ಕೆಳಗೆ ಸೈನ್ ಮಾಡ್ದೆ. ಬಾಗಿಲಿಗೆ ಟೇಪ್ ಅಂಟಿಸಿದ್ವಿ, ಓದೋಕೆ ಅವನು ಬರ್ಲಿಲ್ಲ.

ಮೆಮೊರಿ ಕಾರ್ಡ್ ಬ್ಯಾಗ್ ಹಿಡ್ಕೊಂಡು ನಾನೂ ಅಜ್ಜಿನೂ ಅವರ ಕಾರಲ್ಲಿ ಕೌಂಟಿ ಆಫೀಸಿಗೆ ಹೊರಟ್ವಿ. ಎರಡು ಸಿಗ್ನಲ್ಲಿಂದ ಹಿಂದೆ ಒಂದು ಪಿಕಪ್ ಟ್ರಕ್ ಬರ್ತಾ ಇತ್ತು. ಇಬ್ರೂ ಕನ್ನಡೀಲಿ ನೋಡ್ತಾ ಇದ್ವಿ, ಯಾರೂ ಮಾತಾಡ್ಲಿಲ್ಲ. ಮೂರನೇ ಸಿಗ್ನಲ್ ಹತ್ರ ಅದು ವಾಫಲ್ ಹೌಸ್ ಹೋಟೆಲಿಗೆ ತಿರುಗ್ತು.