ಬೈಕಿನ ಎಂಜಿನ್ ನಡುಕ: ಮನೆಯಲ್ಲೇ ಕಾರಣ ಹುಡುಕಿ ಸರಿಪಡಿಸುವ ಕ್ರಮ

ಬೈಕು ಎಂದಿಗಿಂತ ಹೆಚ್ಚು ನಡುಗುತ್ತಿದೆ ಎನ್ನಿಸಿದ ಕೂಡಲೇ ಕೈ ಸ್ಪ್ಯಾನರಿನತ್ತ ಹೋಗುತ್ತದೆ, ಕಣ್ಣಿಗೆ ಬಿದ್ದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ ನೋಡೋಣ ಎನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಡುಕ ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಎಂಬುದನ್ನು ತಿಳಿಯದೆ ಕೈ ಹಾಕಿದರೆ, ಅದು ನಿಂತರೂ ಯಾವುದರಿಂದ ನಿಂತಿತೆಂದು ಗೊತ್ತಾಗುವುದಿಲ್ಲ. ಮತ್ತೆ ಕಾಣಿಸಿಕೊಂಡಾಗ ಹುಡುಕಾಟವನ್ನು ಮೊದಲಿನಿಂದಲೇ ಶುರು ಮಾಡಬೇಕಾಗುತ್ತದೆ.

ಒಂದಿಷ್ಟು ನಡುಕ ಎಂಜಿನ್ನಿನ ಹುಟ್ಟುಗುಣ. ಒಂಟಿ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 50 ಬಾರಿ ಮೇಲೇರಿ ಕೆಳಗಿಳಿಯುತ್ತದೆ, ಪ್ರತಿ ಸಲವೂ ಎರಡೂ ತುದಿಯಲ್ಲಿ ನಿಂತು ದಿಕ್ಕು ಬದಲಿಸುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕಿನ ಎದುರುತೂಕ ಈ ಬಲದ ಒಂದು ಭಾಗವನ್ನಷ್ಟೇ ಸರಿದೂಗಿಸಬಲ್ಲದು. ನಡುಕ ತಗ್ಗಿಸಲೆಂದೇ ತಿರುಗುವ ತೂಕದ ದಂಡ, ಅಂದರೆ ಬ್ಯಾಲೆನ್ಸರ್ ಶಾಫ್ಟ್ ಇದ್ದರೆ ಉಳಿದದ್ದರಲ್ಲಿ ಬಹುಪಾಲು ಅಲ್ಲೇ ಅಡಗುತ್ತದೆ, ಇಲ್ಲದಿದ್ದರೆ ಅದು ಚಾಸಿಯ ಮೂಲಕ ಹ್ಯಾಂಡಲಿಗೂ ಸೀಟಿಗೂ ಬರುತ್ತದೆ. ಸುತ್ತಿನ ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟಾಗುವುದರಿಂದ, ಆಕ್ಸಿಲರೇಟರ್ ಏರಿಸಿದಾಗ ನಡುಕ ಹೆಚ್ಚುವುದು ಸಹಜವೇ. ಆದ್ದರಿಂದ ನಾವು ಹುಡುಕಬೇಕಾದದ್ದು ಕಳೆದ ತಿಂಗಳು ಇಲ್ಲದೆ ಈಗ ಬಂದಿರುವ ನಡುಕವನ್ನು.

ವಾಹನಗಳ ಓಡಾಟವಿಲ್ಲದ ನೇರ ರಸ್ತೆಯೊಂದನ್ನು ಆರಿಸಿಕೊಂಡು, ನಡುಕ ಸ್ಪಷ್ಟವಾಗಿ ತಿಳಿಯುವ ವೇಗದಲ್ಲಿ ಹೋಗುತ್ತಿರುವಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟುಬಿಡಿ. ಎಂಜಿನ್ನಿನ ಸುತ್ತು ಇಳಿದೊಡನೆ ನಡುಕವೂ ನಿಂತರೆ ದೋಷ ಎಂಜಿನ್ನಿನದು ಅಥವಾ ಅದನ್ನು ಹಿಡಿದಿಟ್ಟಿರುವ ಭಾಗಗಳದು. ಬೈಕು ಉರುಳುತ್ತಿರುವಷ್ಟು ಹೊತ್ತೂ ನಡುಕ ಉಳಿದರೆ ಚಕ್ರ, ಟೈರು, ಚೈನುಗಳ ಕಡೆ ನೋಡಬೇಕು. ಇವೆರಡರ ಅನುಭವವೇ ಬೇರೆ: ಗಂಟೆಗೆ 60 ಕಿ.ಮೀ. ವೇಗದಲ್ಲಿ 17 ಇಂಚಿನ ಚಕ್ರ ಸೆಕೆಂಡಿಗೆ ಸುಮಾರು 8–9 ಸುತ್ತು ತಿರುಗುತ್ತದೆ, ಹಾಗಾಗಿ ಅದರ ದೋಷ ಕುಲುಕಾಟದಂತೆ ತಿಳಿಯುತ್ತದೆ. ಎಂಜಿನ್ನಿನದು ಅಂಗೈಯನ್ನು ಜುಮ್ಮೆನ್ನಿಸುವ ಸಣ್ಣ ಅದುರು. ಅದೇ ವೇಗದಲ್ಲಿ ಒಂದು ಗೇರ್ ಕೆಳಗಿಳಿಸಿಯೂ ನೋಡಿ. ದೊಡ್ಡ ಗೇರಿನಲ್ಲಿ ಕಡಿಮೆ ವೇಗದಿಂದ ಎಳೆಯುವಾಗ ಮಾತ್ರ ನಡುಕ ಬಂದು ಗೇರ್ ಇಳಿಸಿದರೆ ಮಾಯವಾಗುವುದಾದರೆ, ಬೈಕಿನಲ್ಲಿ ಕೆಟ್ಟದ್ದೇನೂ ಇಲ್ಲ, ಗೇರ್ ಬದಲಿಸುವ ರೂಢಿಯನ್ನು ತಿದ್ದಿಕೊಂಡರೆ ಸಾಕು.

ಎಂಜಿನ್ನಿನದೇ ಎಂದು ಖಚಿತವಾದ ಮೇಲೆ ಬೈಕನ್ನು ಬಯಲಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ; ಮುಚ್ಚಿದ ಜಾಗದಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಎರವಾಗಬಹುದು. ನ್ಯೂಟ್ರಲಿನಲ್ಲಿಟ್ಟು, ನಡುಕ ಬರುವ ಸುತ್ತಿನಲ್ಲಿ ಎಂಜಿನ್ನನ್ನು ಇನ್ನೊಬ್ಬರು ಸ್ವಲ್ಪ ಹೊತ್ತು ಹಿಡಿದಿರಲಿ. ಅಷ್ಟರಲ್ಲಿ ನೀವು ಪೆಟ್ರೋಲ್ ಟ್ಯಾಂಕ್, ಸೈಡ್ ಕವರ್, ನಂಬರ್ ಪ್ಲೇಟ್, ಫುಟ್‌ರೆಸ್ಟುಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿ. ಸೈಲೆನ್ಸರನ್ನು ಮುಟ್ಟದೆ ಉದ್ದನೆಯ ಕಟ್ಟಿಗೆಯಿಂದ ಒತ್ತಿ. ಯಾವುದನ್ನು ಒತ್ತಿದಾಗ ಸದ್ದು ಅಡಗುತ್ತದೆಯೋ ಅದರ ಬೋಲ್ಟು ಸಡಿಲವಾಗಿದೆ ಅಥವಾ ರಬ್ಬರ್ ಬುಷ್ ಸತ್ತಿದೆ ಎಂದು ತಿಳಿಯಿರಿ. ಎಂಜಿನ್ ದೋಷವೆಂದು ಜನ ಹೆದರುವ ಎಷ್ಟೋ ನಡುಕಗಳು ಇಲ್ಲಿಯೇ ಮುಗಿಯುತ್ತವೆ.

ಮುಂದಿನದು ಎಂಜಿನ್ನನ್ನು ಚಾಸಿಗೆ ಕಟ್ಟಿರುವ ಮೌಂಟಿಂಗ್ ಬೋಲ್ಟುಗಳು. ಟಾರ್ಚ್ ಹಿಡಿದು, ಒಂದು ಕಡೆಯಿಂದ ಎಲ್ಲವನ್ನೂ ಹತ್ತಿರದಿಂದ ನೋಡಬೇಕು. ನನ್ನ ಬೈಕಿನಲ್ಲಿ ಹಿಂದಿನ ಬೋಲ್ಟಿನ ವಾಷರಿನ ಅಂಚಿನಲ್ಲಿ ಕಾಫಿಪುಡಿಯಂತಹ ಕಂದು ಧೂಳು ಸಣ್ಣ ಗೆರೆಯಾಗಿ ಕೆಳಗಿಳಿದಿತ್ತು, ಅದರ ಪಕ್ಕದ ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು. ಎರಡು ಲೋಹಗಳು ಒಂದಕ್ಕೊಂದು ಉಜ್ಜಿದಾಗ ಉದುರುವ ತುಕ್ಕು ಅದು. ಬೋಲ್ಟು ಕೈಗೆ ಬಿಗಿಯಾಗಿಯೇ ತೋರಿದರೂ ಒಳಗೆ ಅಲುಗುತ್ತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಎರಡು ವಾರ ಕಾರ್ಬೊರೇಟರನ್ನು ಬಿಚ್ಚಿ ಜೋಡಿಸಿದ ಮೇಲೆ ನನಗದು ಕಣ್ಣಿಗೆ ಬಿದ್ದದ್ದು.

ಇಂಥ ಬೋಲ್ಟೊಂದನ್ನು ಮಾತ್ರ ತಿರುಗಿಸಿ ಬಿಗಿ ಮಾಡುವುದು ಸರಿಯಲ್ಲ, ಏಕೆಂದರೆ ಎಂಜಿನ್ ಓರೆಯಾಗಿ ಸಿಕ್ಕಿಕೊಂಡ ಸ್ಥಿತಿಯಲ್ಲೇ ಕಟ್ಟಿದಂತಾಗುತ್ತದೆ. ತಣ್ಣಗಿರುವ ಎಂಜಿನ್ನಿನ ಅಡಿಗೆ ಮರದ ತುಂಡಿನ ಆಸರೆ ಕೊಟ್ಟು, ಎಲ್ಲ ಮೌಂಟಿಂಗ್ ಬೋಲ್ಟುಗಳನ್ನೂ ತುಸು ಸಡಿಲಿಸಿ, ಎಂಜಿನ್ನನ್ನು ಕೈಯಿಂದ ಅಲುಗಿಸಿ ತನ್ನ ಜಾಗದಲ್ಲಿ ಕೂರಲು ಬಿಡಿ. ಆಮೇಲೆ ಸರ್ವೀಸ್ ಮ್ಯಾನ್ಯುಯಲ್ ಹೇಳುವ ಅನುಕ್ರಮದಲ್ಲಿ, ಅದು ಹೇಳುವ ಅಳತೆಗೆ ಟಾರ್ಕ್ ರೆಂಚಿನಿಂದ (ಬಿಗಿಯ ಅಳತೆ ತೋರಿಸುವ ಸ್ಪ್ಯಾನರ್) ಬಿಗಿಗೊಳಿಸಿ. ಬಲ ಹಾಕಿ ಅಳತೆ ಮೀರಿ ಬಿಗಿದರೆ ಅಲ್ಯೂಮಿನಿಯಂನೊಳಗಿನ ಥ್ರೆಡ್ (ತಿರುಪಿನ ಗೆರೆ) ಕಿತ್ತುಬರುತ್ತದೆ. ಮೌಂಟಿಂಗಿನಲ್ಲಿ ರಬ್ಬರ್ ಇದ್ದು ಅದು ಬಿರುಕು ಬಿಟ್ಟಿದ್ದರೆ ಬದಲಿಸುವುದೊಂದೇ ದಾರಿ.

ಕ್ಲಚ್ ಹಿಡಿದಾಗಲೂ ನಡುಕ ಉಳಿದಿದ್ದರೆ ಚೈನನ್ನು ನೋಡಿ. ಅದರ ಸಡಿಲವನ್ನು, ಅಂದರೆ ಕೆಳಗಿನ ಎಳೆಯ ನಡುವೆ ಅದು ಮೇಲೆ ಕೆಳಗೆ ಆಡುವಷ್ಟನ್ನು, ಒಂದೇ ಕಡೆ ಅಳೆಯುವುದು ಸಾಮಾನ್ಯ ತಪ್ಪು. ಎಂಜಿನ್ ಆರಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ನಾಲ್ಕೈದು ಕಡೆ ಅಳೆಯಿರಿ. ಅನೇಕ ಬೈಕುಗಳಲ್ಲಿ ಅದು 20ರಿಂದ 30 ಮಿ.ಮೀ. ಇರಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಇದ್ದರೆ ಚೈನು ಸವೆದಿದೆ. ಅದು ಕೂರುವ ಹಲ್ಲಿನ ಚಕ್ರಗಳಾದ ಸ್ಪ್ರಾಕೆಟುಗಳ ಜೊತೆಗೇ ಬದಲಿಸಿ.

ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ನಿಂತಲ್ಲೇ ಓಡುವಾಗ, ತಡವರಿಸಿ ನಡುಗುವ ಎಂಜಿನ್ನಿನಲ್ಲಿ ಉರಿಯುವಿಕೆಯೇ ಸರಿಯಿಲ್ಲದಿರಬಹುದು. ಸ್ಪಾರ್ಕ್ ಪ್ಲಗ್ ತೆಗೆದು ನೋಡಿ: ತುದಿಯ ಪಿಂಗಾಣಿ ತಿಳಿಕಂದು ಬಣ್ಣದಲ್ಲಿದ್ದರೆ ಒಳ್ಳೆಯದು, ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ, ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಸಾಲದು, ಇನ್‌ಟೇಕ್ ಪೈಪಿನ ರಬ್ಬರಿನಲ್ಲಿ ಗಾಳಿ ಸೋರುತ್ತಿರಬಹುದು. ಎರಡು ಸಿಲಿಂಡರಿನ ಎಂಜಿನ್ನಾದರೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಅರ್ಧ ನಿಮಿಷದ ಬಳಿಕ ಎರಡೂ ಸೈಲೆನ್ಸರ್ ಪೈಪುಗಳ ಬುಡಕ್ಕೆ ಒಂದೊಂದು ಹನಿ ನೀರು ಹಾಕಿ. ಹನಿ ಚುರ್ರೆನ್ನದೆ ಹಾಗೇ ಜಾರಿದ ಕಡೆಯ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಎರಡೂ ಉರಿಯುತ್ತಿದ್ದೂ ನಡುಗುವುದಾದರೆ ಗಾಳಿ ಒಳಬಿಡುವ ಎರಡರ ಥ್ರಾಟಲ್‌ಗಳನ್ನು, ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟು ಸರಿಹೊಂದಿಸಬೇಕು.

ಉರಿಯುವಿಕೆಗೆ ಸಂಬಂಧಿಸಿದ ಇನ್ನೊಂದು ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು. ಅದನ್ನು ಹೊಂದಿಸಲು ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ನಿನ (ಗಾಳಿ-ಪೆಟ್ರೋಲನ್ನು ಒತ್ತುವ ಏರಿಕೆಯ) ಮೇಲ್ತುದಿಯಲ್ಲಿರಬೇಕು. ಆಗ ಎರಡೂ ರಾಕರ್‌ಗಳು ಬೆರಳಿಗೆ ತುಸು ಆಡುತ್ತವೆ. ಸಂದು ಅಳೆಯುವ ತೆಳು ತಗಡಾದ ಫೀಲರ್ ಗೇಜಿನ ಎಲೆ ಮೃದುವಾಗಿ ತಡೆಯುತ್ತ ಜಾರುವಷ್ಟು ಸಂದು ಸಾಕು. ಸಣ್ಣ ಎಂಜಿನ್ನುಗಳಲ್ಲಿ ಈ ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುವುದರಿಂದ ಅಂದಾಜು ಇಲ್ಲಿ ನಡೆಯುವುದಿಲ್ಲ.

ಪ್ರತಿ ಸಲ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಓಡಿಸಿ ನೋಡಿ. ಎಲ್ಲ ಸರಿಯಾದ ಮೇಲೂ ಉಳಿಯುವ ಹುಟ್ಟುನಡುಕಕ್ಕೆ ಹ್ಯಾಂಡಲಿನ ತುದಿಗೆ ಭಾರದ ತೂಕ ಹಾಕಿಸಿದರೆ ಕೈ ಮರಗಟ್ಟುವುದು ಎಷ್ಟೋ ಕಡಿಮೆಯಾಗುತ್ತದೆ. ಹ್ಯಾಂಡಲಿಗೆ ಫೋನ್ ಸಿಕ್ಕಿಸುವವರು ನಡುಕ ತಡೆಯುವ ಮೌಂಟನ್ನೇ ಬಳಸಬೇಕು. ದೊಡ್ಡ ಎಂಜಿನ್ನಿನ ಬೈಕುಗಳ ನಡುಕದಿಂದ ಐಫೋನ್ ಕ್ಯಾಮೆರಾ ಕೆಡಬಹುದೆಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ.

ನಡುಕದ ಜೊತೆಗೆ ಎಂಜಿನ್ನಿನ ಒಳಗಿನಿಂದ ಕಟಕಟ ಬಡಿತ ಕೇಳಿದರೆ ಅಥವಾ ಬಸಿದ ಆಯಿಲಿನಲ್ಲಿ ಲೋಹದ ಚೂರುಗಳು ಮಿಂಚಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಅದು ಬೇರಿಂಗ್ ಇಲ್ಲವೇ ಕನೆಕ್ಟಿಂಗ್ ರಾಡಿನ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಎಂಜಿನ್ ಬಿಚ್ಚಿ ಜೋಡಿಸಿದ ಮರುದಿನದಿಂದಲೇ ನಡುಕ ಶುರುವಾಗಿದ್ದರೆ ಆ ಸಂಗತಿಯನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ: ಬ್ಯಾಲೆನ್ಸರ್ ಶಾಫ್ಟಿನ ಗೇರನ್ನು ಗುರುತಿಗಿಂತ ಒಂದು ಹಲ್ಲು ಆಚೀಚೆ ಕೂರಿಸಿದ್ದರೂ ನಡುಕ ಹೆಚ್ಚುತ್ತದೆ, ಆ ಗುರುತುಗಳು ಕವರ್ ತೆಗೆದ ಹೊರತು ಕಾಣುವುದಿಲ್ಲ.