ಮುರಿಯಾಳಿನ ಲೆಕ್ಕ

ನಮ್ಮ ಮನೆಯಲ್ಲಿ ಉದ್ದನೆಯದೊಂದು ಲೆಕ್ಕದ ಪುಸ್ತಕ ಇದೆ. ಎಡಗಡೆ ಪುಟದಲ್ಲಿ ಮಳೆ, ಬಲಗಡೆ ಪುಟದಲ್ಲಿ ಆಳು. ನಮ್ಮವರು ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರು ಅಳೆದು ಬರೆಯುತ್ತಿದ್ದರು. ಯಾರೂ ಕೇಳದಿದ್ದರೂ. ಶಿರಸಿ ಕಡೆ ಈ ಹುಚ್ಚು ಸುಮಾರು ಮನೆಗಳಲ್ಲಿದೆ, ಇಬ್ಬರು ಸಿಕ್ಕರೆ ಮೊದಲು ಕೇಳುವುದೇ 'ನಿಮ್ಮಲ್ಲಿ ನಿನ್ನೆ ಎಷ್ಟು' ಅಂತ.

2023ರ ಜುಲೈ ತಿಂಗಳಲ್ಲಿ ಆ ಪುಸ್ತಕದ ಹನ್ನೆರಡು ಸಾಲು ಖಾಲಿ ಇದೆ. ಆ ವರ್ಷ ಜೂನಿನಲ್ಲಿ ಮಳೆ ಕೈಕೊಟ್ಟಿತ್ತು, ಜುಲೈಯಲ್ಲಿ ಒಮ್ಮೆಲೇ ಸುರಿಯಿತು. ಅಂಥದೊಂದು ರಾತ್ರಿ ಅವರಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಕರೆದುಕೊಂಡು ಹೊರಟೆವು. ಮುಂಡಗೋಡ ದಾಟುವಷ್ಟರಲ್ಲಿ ಮುಗಿದಿತ್ತು. ಅದರ ಬಗ್ಗೆ ಇಷ್ಟು ಸಾಕು.

ಅಡಿಕೆ ತೋಟ ಸೂತಕ ಕೇಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ಮದ್ದು, ಹೊಡೆದರೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ತಪ್ಪಿದರೆ ಕೊಳೆ ರೋಗ. ಹಸಿರು ಕಾಯಿ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತವೆ, ವರ್ಷದ ಬೆಳೆ ಹೋದ ಹಾಗೆ. ನಮ್ಮದು ಎರಡನೇ ಸಲದ್ದು ಬಾಕಿ ಇತ್ತು. ಐದನೇ ದಿನ ಮಳೆ ಸ್ವಲ್ಪ ಹೊಳವಾಯಿತು. ಪಕ್ಕದ ಮನೆ ಭಾವ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನು ಕರೆದುಕೊಂಡು ಬಂದರು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಹೇಳಿದರು: "ಅತ್ತಿಗೆ, ನೀ ಎಂತೂ ಯೋಚನೆ ಮಾಡಡ. ಮದ್ದು ನಂಗ ಹೊಡಸ್ತ್ಯ." ಅಷ್ಟೇ ಮಾತು. ಸಂಜೆಯವರೆಗೆ ತೋಟದಿಂದ ಪಂಪಿನ ಸದ್ದು ಬರುತ್ತಿತ್ತು.

ಆಗ ನನಗೆ ಕೃತಜ್ಞತೆ ಗಿತಜ್ಞತೆ ಏನೂ ಬರಲಿಲ್ಲ. ಸದ್ದು ಯಾವಾಗ ನಿಲ್ಲುತ್ತದೋ ಅನಿಸಿತ್ತು.

ಮುಂದಿನ ತಿಂಗಳುಗಳಲ್ಲಿ ಉಪದೇಶ ಬಹಳ ಬಂತು. ಧೈರ್ಯ ತಗೋ ಎಂದರು. ಮೊಬೈಲಿಗೆ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಸುಭಾಷಿತ. ಅಂಕೋಲೆಯ ಸುಕ್ರಿ ಬೊಮ್ಮಗೌಡರನ್ನು ನೋಡು ಎಂದರು ಒಬ್ಬರು. ಸುಕ್ರಜ್ಜಿ ಕುಡಿತದಿಂದ ಗಂಡನನ್ನು ಕಳೆದುಕೊಂಡವರು, ಆಮೇಲೆ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು, ಹಾಲಕ್ಕಿ ಒಕ್ಕಲಿಗರ ಜನಪದ ಹಾಡಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಗಂಡ ಸತ್ತವರೆಲ್ಲ ಏನಾದರೂ ದೊಡ್ಡದು ಮಾಡಲೇಬೇಕು ಅಂತಿದೆಯಾ? ನನಗೆ ಸ್ನಾನ ಮಾಡುವುದೇ ದೊಡ್ಡದಾಗಿತ್ತು.

ನಿದ್ದೆ ಪೂರ್ತಿ ಹೋಗಿತ್ತು. ಮೂರನೇ ತಿಂಗಳು ಮಗಳು ಒತ್ತಾಯ ಮಾಡಿ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಗೆ ಫೋನ್ ಮಾಡಿಸಿದಳು. ನಂಬರ್ 14416, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹುಡುಗಿ ಸುಮ್ನೆ ಕೇಳಿಸಿಕೊಂಡಳು, ಕೊನೆಗೆ ಡಾಕ್ಟರ ಹತ್ತಿರ ಹೋಗಿ ಎಂದಳು. ಹೋದೆ. ಎರಡು ತಿಂಗಳು ಮಾತ್ರೆ ತಗೊಂಡೆ. ಇದನ್ನು ಮುಚ್ಚಿಟ್ಟು ಬರೀ ಪುಸ್ತಕದ ಕತೆ ಹೇಳಿದರೆ ಸುಳ್ಳು ಹೇಳಿದ ಹಾಗೆ.

ಮಗಳು ಧಾರವಾಡದಲ್ಲಿ ಮನಃಶಾಸ್ತ್ರ ಓದುತ್ತಿದ್ದಳು. ಅವಳು ಇನ್ನೊಂದು ಹೇಳಿದಳು. "ಆಯಿ, ರಾತ್ರಿ ಮಲಗುವ ಮೊದಲು ಆ ದಿನದ ಮೂರು ಒಳ್ಳೆಯದನ್ನು ಬರೆ. ಯಾಕೆ ಒಳ್ಳೆಯದಾಯಿತು ಅಂತಲೂ ಬರೆ." ಮಾರ್ಟಿನ್ ಸೆಲಿಗ್ಮನ್ ಎನ್ನುವವರು ಜನರಿಂದ ಒಂದು ವಾರ ಹೀಗೆ ಬರೆಸಿ ನೋಡಿದ್ದರಂತೆ, 2005ರಲ್ಲಿ ಅದು ಪ್ರಕಟವಾಯಿತಂತೆ. ಆರು ತಿಂಗಳಾದ ಮೇಲೂ ಅವರ ಮನಸ್ಸು ಮೊದಲಿಗಿಂತ ಹಗುರವಾಗಿತ್ತಂತೆ.

ಬರೆದೆ. 'ಬಿಸಿಲು ಬಂತು. ಚಹಾ ಚೆನ್ನಾಗಿತ್ತು. ಎಮ್ಮೆ ಒದೆಯಲಿಲ್ಲ.' ಶಾಲೆಯಲ್ಲಿ ಕಾಪಿ ಬರೆದ ಹಾಗೆ. ನಾಲ್ಕನೇ ದಿನ ಆ ಹಾಳೆ ಹರಿದು ಒಲೆಗೆ ಹಾಕಿದೆ.

ಒಲೆಯ ಮುಂದೆ ಕೂತಾಗಲೇ ಆ 'ಯಾಕೆ' ಕೊರೆಯತೊಡಗಿತು. ಎಮ್ಮೆ ಯಾಕೆ ಒದೆಯಲಿಲ್ಲ? ಪಕ್ಕದ ಮನೆ ತಂಗಿ ಒಂದು ತಿಂಗಳಿಂದ ಬಂದು ಹಾಲು ಕರೆದುಕೊಟ್ಟಿದ್ದಳು, ಎಮ್ಮೆಗೆ ಅವಳ ಕೈ ರೂಢಿಯಾಗಿತ್ತು. ತೋಟಕ್ಕೆ ಕೊಳೆ ಯಾಕೆ ಬರಲಿಲ್ಲ? ಭಾವ ಮದ್ದು ಹೊಡೆಸಿದ್ದರು. ಪ್ರತಿ ಯಾಕೆಯ ತುದಿಗೂ ಒಬ್ಬರ ಹೆಸರಿತ್ತು. ನನಗೆ ಬರೆಯಬೇಕಾಗಿದ್ದು ಆ ಹೆಸರುಗಳನ್ನು.

ಅದಕ್ಕೆ ನಮ್ಮಲ್ಲಿ ಮೊದಲೇ ಒಂದು ಪದ್ಧತಿ ಇತ್ತು, ಮುರಿಯಾಳು. ಇವತ್ತು ನೀವು ನಮ್ಮ ತೋಟಕ್ಕೆ ಬಂದರೆ ನಾಳೆ ನಾವು ನಿಮ್ಮ ತೋಟಕ್ಕೆ. ದುಡ್ಡಿನ ಮಾತಿಲ್ಲ. ಈಗ ಕೂಲಿ, ಗುತ್ತಿಗೆ ಎಲ್ಲ ಬಂದು ಮುರಿಯಾಳು ಕಮ್ಮಿಯಾಗಿದೆ. ನಮ್ಮ ಕಡೆ ಯಾರೂ ಯಾರಿಗೂ ಧನ್ಯವಾದ ಹೇಳುವುದಿಲ್ಲ, ಅದು ಸಭೆಯಲ್ಲಿ ಮೈಕಿನ ಮುಂದೆ ಹೇಳುವ ಮಾತು. ಬಂದವರ ಮನೆಗೆ ವಾಪಸ್ಸು ಹೋಗುತ್ತೇವೆ, ಅಷ್ಟೇ. ನಮ್ಮವರ ಪುಸ್ತಕದ ಬಲಗಡೆ ಪುಟ ತೆಗೆದು, ಆ ಜುಲೈಯಿಂದ ಯಾರು ಬಂದರು, ಏನು ಮಾಡಿದರು ಎಂದು ನೆನಪು ಮಾಡಿ ಬರೆಯುತ್ತಾ ಹೋದೆ. ಎರಡು ಪುಟ ತುಂಬಿತು. ನಾನು ಒಬ್ಬಳೇ ಇದ್ದೆ ಎಂದುಕೊಂಡಿದ್ದ ದಿನಗಳು ಅವು!

ಇದು ಸಾಲದ ಪಟ್ಟಿ ಆಗಿಬಿಟ್ಟರೆ ಕಷ್ಟ ಎಂದು ಮಗಳು ಹೆದರಿದಳು. ಹೌದು, ಸಾಲ ಎಂದರೆ ತೀರಿಸಿ ಕೈತೊಳೆದುಕೊಳ್ಳೋಣ ಅನಿಸುತ್ತದೆ. ಮುರಿಯಾಳು ತೀರುವುದಿಲ್ಲ. ನೀವು ಹೋದಿರಿ ಎಂದು ಅವರು ಮತ್ತೆ ಬರುತ್ತಾರೆ.

ನಾನು ಮರ ಹತ್ತುವವಳಲ್ಲ. ಆದರೆ ಮೆಟ್ಟುಗತ್ತಿ ಮುಂದೆ ಕೂತರೆ ಅಡಿಕೆ ಸುಲಿಯುವುದರಲ್ಲಿ ನನ್ನ ಕೈ ಈಗಲೂ ಚುರುಕು. ಡಿಸೆಂಬರಿನಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾದಾಗ ಭಾವನ ಮನೆಗೆ ಸಂಜೆ ಸುಲಿಯಲು ಹೋದೆ. ಬುಟ್ಟಿ, ಬಲ್ಬಿನ ಬೆಳಕು, ಎಂಟು ಹತ್ತು ಜನ, ಕವಳದ ಬಟ್ಟಲು ನಡುವೆ. ಮೊದಲ ದಿನ ಮಾತಾಡಲಿಲ್ಲ. ಕೈ ಮಾತ್ರ ನಡೆಯುತ್ತಿತ್ತು. ಮೂರನೇ ದಿನ ಯಾರೋ ನಮ್ಮವರ ಸುದ್ದಿಯನ್ನೇ ತೆಗೆದರು. ಒಮ್ಮೆ ಜೋರು ಮಳೆಯಲ್ಲಿ ಮಳೆಮಾಪಕ ಖಾಲಿ ಇತ್ತಂತೆ. ಇವರು ಅರ್ಧ ದಿನ ತಲೆಕೆಡಿಸಿಕೊಂಡು ನೋಡಿದರೆ, ಅದರ ಬಾಯಿಗೆ ಬಾಳೆಲೆ ಬಿದ್ದಿತ್ತಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು.

ಮನೆಗೆ ಬಂದು ಅಷ್ಟೇ ಅತ್ತೆ. ಐದು ತಿಂಗಳು ಕಳೆದಿಲ್ಲ, ನಕ್ಕುಬಿಟ್ಟೆನಲ್ಲ ಎಂದು. ರಾತ್ರಿಯೇ ಮಗಳಿಗೆ ಫೋನ್ ಮಾಡಿದೆ. ಅವಳ ಪಾಠದಲ್ಲಿ ಇದೂ ಇತ್ತು. ಸ್ಟ್ರೋಬ್ ಮತ್ತು ಶುಟ್ ಎಂಬಿಬ್ಬರು 1999ರಲ್ಲಿ ಹೇಳಿದ್ದಂತೆ: ಕಳೆದುಕೊಂಡವರು ಒಮ್ಮೆ ದುಃಖದ ಕಡೆಗೆ, ಒಮ್ಮೆ ಬದುಕಿನ ಕೆಲಸದ ಕಡೆಗೆ ಹೋಗಿ ಬಂದು ಮಾಡುತ್ತಿರುತ್ತಾರೆ, ಎರಡೂ ಬೇಕು. ಒಂದೇ ಸಂಜೆ ನಕ್ಕು ಅಳುವುದು ಕೆಟ್ಟುಹೋದದ್ದಲ್ಲ ಎಂದಳು. ಮರುದಿನ ಮತ್ತೆ ಸುಲಿಯಲು ಹೋದೆ.

ಕೊನೆಗೌಡನಿಗೆ ನಾನು ಸುಲಿದುಕೊಡುವುದೇನು? ಅವನ ಮನೆಗೆ ತೊಡೆದೇವು ಎಂಬ ತೆಳು ಸಿಹಿ ತಿಂಡಿ ಮಾಡಿ ಕಳಿಸಿದೆ. ಮಡಕೆಯ ಮೇಲೆ ಎರೆಯುವಾಗ ಮೊದಲ ಆರೇಳು ಹರಿದುಹೋದವು, ಒಂದು ವರ್ಷದಿಂದ ಮಾಡಿರಲಿಲ್ಲ. ಈಗ ಮೇ ಕೊನೆಗೆ ಅವನು ಬಂದಾಗ ಬೋರ್ಡೋ ನಾನೇ ಮಾಡಿಸುತ್ತೇನೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಸೇರಿಸಬೇಕು. ಹೊಳೆಯುವ ಕತ್ತಿ ಅದ್ದಿ ನೋಡುತ್ತೇನೆ. ಕೆಂಪಗೆ ಅಂಟಿದರೆ ಸುಣ್ಣ ಸಾಲದು ಎಂದರ್ಥ. ನಮ್ಮವರು ಇದ್ದಾಗ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಎಂಟೂವರೆಯ ಮಳೆಯನ್ನೂ ಬಿಟ್ಟಿಲ್ಲ. ಹಾಸಿಗೆಯಿಂದ ಏಳಲಾಗದ ದಿನವೂ ಅಂಗಳಕ್ಕೆ ಇಳಿಯಲೇಬೇಕಾಗುತ್ತದೆ. ಇಳಿದಮೇಲೆ ಯಾರಾದರೂ ದಣಪೆಯ, ಅಂದರೆ ಬೇಲಿಬಾಗಿಲಿನ, ಆಚೆಯಿಂದ ಕೇಳುತ್ತಾರೆ, ಹೇಗಿದ್ದೆ ಎಂದು. ಅಡ್ಡಿಲ್ಲೆ ಎನ್ನುತ್ತೇನೆ. ಕೆಲವು ದಿನ ಅದು ನಿಜವೇ ಆಗಿರುತ್ತದೆ.

ಆ ಹನ್ನೆರಡು ಖಾಲಿ ಸಾಲಿಗೆ ತಮ್ಮ ಲೆಕ್ಕ ತುಂಬಿಕೋ ಎಂದು ಭಾವ ಒಂದು ಚೀಟಿ ಕೊಟ್ಟಿದ್ದರು. ಅವರೂ ಅಳೆಯುತ್ತಾರಲ್ಲ. ನಮ್ಮವರ ವರ್ಷಾಂತದ ಕಾರ್ಯ ಮುಗಿದ ಮೇಲೆ ತುಂಬಿದೆ, ಪೆನ್ಸಿಲಿನಲ್ಲಿ. ಎಷ್ಟಂದರೂ ಅದು ಅವರ ಅಂಗಳದ ಮಳೆ.